ಹೊಲಕ್ಕೆ ಪಹಣಿ ಇದೆ, ಅಂಗಡಿಗೆ ಏನಿದೆ?

ಹೊಳೆ ಇಳಿದು ರಸ್ತೆ ತೆರವಾದ ಮರುದಿನವೇ ತಾಲ್ಲೂಕು ಕೇಂದ್ರದ ಝೆರಾಕ್ಸ್ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಪ್ಲಾಸ್ಟಿಕ್ ಚೀಲ. ಅದರೊಳಗೆ ಆಧಾರ್, ಪಾಸ್‌ಬುಕ್, ರೇಷನ್ ಕಾರ್ಡ್, ಅರ್ಧ ಒಣಗಿದ ಪಹಣಿ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಮಲಪ್ರಭಾ, ಘಟಪ್ರಭಾ ನದಿಗಳು ತುಂಬಿ ಬಂದಾಗಲೂ, 2020ರ ಅಕ್ಟೋಬರ್‌ನಲ್ಲಿ ಮತ್ತು 2025ರ ಸೆಪ್ಟೆಂಬರ್‌ನಲ್ಲಿ ಭೀಮಾ ನದಿ ಉಕ್ಕಿ ಅಫಜಲಪುರ, ಜೇವರ್ಗಿ, ಇಂಡಿ ಕಡೆಯ ಹೊಲ ಮನೆಗಳಿಗೆ ನುಗ್ಗಿದಾಗಲೂ ಆ ಸಾಲಿನಲ್ಲಿ ಕೇಳಿಬಂದದ್ದು ಒಂದೇ ಪ್ರಶ್ನೆ: 'ಅರ್ಜಿ ಎಲ್ಲಿ ಕೊಡಬೇಕ್ರಿ?'

ಈ ಪ್ರಶ್ನೆಗೆ ರೈತನಿಗೆ ಸಿಗುವ ಉತ್ತರ ಬೇರೆ, ಅವನ ಪಕ್ಕದಲ್ಲೇ ನಿಂತ ಕಿರಾಣಿ ಅಂಗಡಿಯವನಿಗೆ ಸಿಗುವ ಉತ್ತರ ಬೇರೆ. ಕರ್ನಾಟಕದಲ್ಲಿ ಬೆಳೆ ಪರಿಹಾರ ಅರ್ಜಿಯ ಬೆನ್ನು ಹತ್ತಿ ಬರುವುದಿಲ್ಲ, ದಾಖಲೆಯ ಬೆನ್ನು ಹತ್ತಿ ಬರುತ್ತದೆ. ದಾಖಲೆಗಳು ಒಂದಕ್ಕೊಂದು ಕೂಡಿಕೊಂಡರೆ ರೈತ ಕಚೇರಿಯ ಮೆಟ್ಟಿಲು ಹತ್ತದಿದ್ದರೂ ಹಣ ಖಾತೆಗೆ ಬಂದು ಬೀಳುತ್ತದೆ. ಎಲ್ಲೋ ಒಂದು ಕಡೆ ಕೂಡಿಕೊಳ್ಳದಿದ್ದರೆ ಹತ್ತು ಅರ್ಜಿ ಕೊಟ್ಟರೂ ಬರುವುದಿಲ್ಲ. ಅಂಗಡಿಯವನ ಪಾಡು ಇದಕ್ಕಿಂತ ಕಷ್ಟ. ಅವನ ನಷ್ಟವನ್ನು ಬರೆದುಕೊಳ್ಳುವ ಕಾಲಂ ಸರ್ಕಾರದ ಪಟ್ಟಿಯಲ್ಲೇ ಇಲ್ಲ. ನೆರೆ ಸಂತ್ರಸ್ತರಿಗೆ ನೆರವಾಗಲು ಹೊರಟವರು ಈ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳದಿದ್ದರೆ ದಿನವಿಡೀ ಅರ್ಜಿ ತುಂಬಿದರೂ ಸಂಜೆಗೆ ಯಾರಿಗೂ ಏನೂ ಮಾಡಿದಂತಾಗುವುದಿಲ್ಲ.

ಹೊಲದ ದಾರಿ ಹೀಗಿದೆ. ನೀರು ಇಳಿದ ಮೇಲೆ ಕಂದಾಯ, ಕೃಷಿ, ತೋಟಗಾರಿಕೆ ಇಲಾಖೆಗಳ ಸಿಬ್ಬಂದಿ ಸೇರಿ ಜಂಟಿ ಸಮೀಕ್ಷೆ ಮಾಡುತ್ತಾರೆ. ಊರವರು ಇಂದಿಗೂ ತಲಾಟಿ ಎಂದೇ ಕರೆಯುವ ಗ್ರಾಮ ಆಡಳಿತ ಅಧಿಕಾರಿ ಸರ್ವೆ ನಂಬರ್‌ವಾರು ಬೆಳೆ ಯಾವುದು, ಎಷ್ಟು ಎಕರೆ ಗುಂಟೆ ಹಾಳಾಗಿದೆ ಎಂದು ಬರೆದುಕೊಳ್ಳುತ್ತಾರೆ. ಆ ವಿವರ ತಹಶೀಲ್ದಾರ್ ಕಚೇರಿಯಲ್ಲಿ 'ಪರಿಹಾರ' ತಂತ್ರಾಂಶಕ್ಕೆ ಏರುತ್ತದೆ. ಪಹಣಿಯಲ್ಲಿರುವ ಹೆಸರು, ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ದಾಖಲಾದ ಬೆಳೆ, 'ಫ್ರೂಟ್ಸ್' ತಂತ್ರಾಂಶದಲ್ಲಿರುವ ರೈತನ ಗುರುತಿನ ಸಂಖ್ಯೆ, ಆ ಸಂಖ್ಯೆಗೆ ಅಂಟಿದ ಆಧಾರ್, ಆಧಾರ್‌ಗೆ ಜೋಡಣೆಯಾದ ಬ್ಯಾಂಕ್ ಖಾತೆ. ಇಷ್ಟೂ ಕೊಂಡಿಗಳು ಒಂದೇ ವ್ಯಕ್ತಿಯನ್ನು ತೋರಿಸಬೇಕು. ಒಂದು ಕೊಂಡಿ ಕಳಚಿದರೂ ಹಣ ಅಲ್ಲೇ ನಿಲ್ಲುತ್ತದೆ, ಏಕೆ ನಿಂತಿತೆಂದು ರೈತನಿಗೆ ಹೇಳುವವರು ಯಾರೂ ಇರುವುದಿಲ್ಲ.

ಆದ್ದರಿಂದ ನೆರವಿನ ಮೇಜು ಹಾಕಿಕೊಂಡು ಕೂತವರ ಮೊದಲ ಕೆಲಸ ಈ ಕೊಂಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡುವುದು. ಪಹಣಿಯಲ್ಲಿ 'ಬಸಪ್ಪ', ಆಧಾರ್‌ನಲ್ಲಿ 'ಬಸವರಾಜ', ಪಾಸ್‌ಬುಕ್ಕಿನಲ್ಲಿ ಬರೀ ಅಡ್ಡಹೆಸರಿನ ಜೊತೆ ಒಂದು ಇನಿಶಿಯಲ್. ನಮ್ಮ ಊರುಗಳಲ್ಲಿ ಇದು ಎಷ್ಟು ಸಾಮಾನ್ಯ ಎಂದರೆ ಅದೊಂದು ತೊಡಕೆಂದೇ ಯಾರಿಗೂ ಅನ್ನಿಸುವುದಿಲ್ಲ. ರೈತ ಸಂಪರ್ಕ ಕೇಂದ್ರದಲ್ಲಿ ಗುರುತಿನ ಸಂಖ್ಯೆ ಆಗಿದೆಯೇ, ಆಗಿದ್ದರೆ ಅದರೊಳಗೆ ಎಲ್ಲ ಸರ್ವೆ ನಂಬರುಗಳೂ ಸೇರಿವೆಯೇ ಎಂದು ನೋಡಬೇಕು. ಎರಡು ಕಡೆ ಹೊಲವಿದ್ದು ಒಂದೇ ನಂಬರ್ ಸೇರಿದ್ದರೆ ಪರಿಹಾರವೂ ಒಂದಕ್ಕೇ. ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಯೂ ಬೇರೆ. 'ಖಾತೆಗೆ ಆಧಾರ್ ಕೊಟ್ಟಿದ್ದೇನೆಯೇ' ಎಂದು ಕೇಳಿದರೆ ಹೌದು ಎನ್ನುತ್ತಾರೆ. 'ಸರ್ಕಾರದ ಹಣ ಬರಲು ಎನ್‌ಪಿಸಿಐ ಜೋಡಣೆ ಈ ಖಾತೆಗೇ ಇದೆಯೇ' ಎಂದು ಕೇಳಬೇಕು. ಕೊನೆಯದಾಗಿ ಯಾವ ಖಾತೆಗೆ ಜೋಡಣೆಯಾಗಿದೆಯೋ ಹಣ ಅದಕ್ಕೇ ಹೋಗುತ್ತದೆ. ಎಂದೋ ತೆರೆದು ಮರೆತ ಖಾತೆಯಲ್ಲಿ ಪರಿಹಾರದ ಹಣ ಕೂತಿದ್ದು, ಮನೆಯವರು ಬಂದೇ ಇಲ್ಲವೆಂದು ತಿಂಗಳುಗಟ್ಟಲೆ ಕಚೇರಿ ಅಲೆದ ಪ್ರಸಂಗಗಳು ಊರೂರಲ್ಲಿವೆ. ಗೃಹಲಕ್ಷ್ಮಿ ಹಣಕ್ಕಾಗಿ ಓಡಾಡಿದ ಹೆಣ್ಣುಮಕ್ಕಳಿಗೆ ಈ ಎನ್‌ಪಿಸಿಐ ವ್ಯವಹಾರ ಗಂಡಸರಿಗಿಂತ ಚೆನ್ನಾಗಿ ಗೊತ್ತಿದೆ. ನೆರವಿನ ಮೇಜಿನಲ್ಲಿ ಅಂಥವರೊಬ್ಬರಿದ್ದರೆ ಅರ್ಧ ಕೆಲಸ ಹಗುರಾಗುತ್ತದೆ.

ಇವೆಲ್ಲ ತಿದ್ದಬಹುದಾದ ತಪ್ಪುಗಳು. ಪಹಣಿಯಲ್ಲಿ ಇನ್ನೂ ಸತ್ತ ಅಪ್ಪನ ಅಥವಾ ಅಜ್ಜನ ಹೆಸರೇ ಇದ್ದಾಗ ತೊಡಕು ನಿಜಕ್ಕೂ ದೊಡ್ಡದಾಗುತ್ತದೆ. ಅಜ್ಜ ತೀರಿಕೊಂಡು ಇಪ್ಪತ್ತು ವರ್ಷವಾಗಿರುತ್ತದೆ. ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಹೊಲ ಹಂಚಿಕೊಂಡು ಬಿತ್ತುತ್ತಿರುತ್ತಾರೆ, ಬದುಗಳೂ ಬಿದ್ದಿರುತ್ತವೆ, ಜಗಳವೂ ಇರುವುದಿಲ್ಲ. ಕಾಗದದಲ್ಲಿ ಮಾತ್ರ ಅಜ್ಜನೇ ರೈತ. ಅಜ್ಜನ ಆಧಾರ್ ಎಲ್ಲಿಂದ ಬರಬೇಕು? ಹೊಲವನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಲು ಮರಣ ಪ್ರಮಾಣಪತ್ರ ಬೇಕು, ವಂಶವೃಕ್ಷ ಬೇಕು, ವಾರಸುದಾರರೆಲ್ಲರ ಹೆಸರು ಬರಬೇಕು. ಅಂದರೆ ಮದುವೆಯಾಗಿ ಸೊಲ್ಲಾಪುರಕ್ಕೋ ಪುಣೆಗೋ ಹೋದ ಅಕ್ಕತಂಗಿಯರದೂ. ನೆರೆ ಬಂದ ವಾರದಲ್ಲಿ ಇದೆಲ್ಲ ಆಗುವ ಮಾತಲ್ಲ. ಸರ್ಕಾರ ಪೌತಿ ಖಾತೆಗಾಗಿ ಅಭಿಯಾನ ನಡೆಸಿದೆ, ಪಹಣಿಗೆ ಆಧಾರ್ ಜೋಡಿಸುವ ಕೆಲಸವನ್ನೂ ಮಾಡಿದೆ. ಅದರ ಉಪಯೋಗ ತಿಳಿಯುವುದು ಇಂಥ ಹೊತ್ತಿನಲ್ಲಿ. ಗಂಡನನ್ನು ಕಳೆದುಕೊಂಡು ತಾನೇ ಹೊಲ ಮಾಡಿಸುತ್ತಿರುವ ಹೆಣ್ಣುಮಗಳಿಗೆ ಈ ತೊಡಕು ಎಲ್ಲರಿಗಿಂತ ಹೆಚ್ಚು ಕಾಡುತ್ತದೆ. ಹೆಸರು ಬದಲಾಯಿಸಿಕೊಳ್ಳಲು ಮೈದುನಂದಿರ ಸಹಿ ಬೇಕೆಂದು ಅವಳಿಗೆ ಯಾರೋ ಹೇಳಿರುತ್ತಾರೆ, ಅವಳು ಕೇಳಲು ಹಿಂಜರಿದಿರುತ್ತಾಳೆ. ಅವಳ ಜೊತೆ ನಾಡಕಚೇರಿಗೆ ಒಬ್ಬರು ಹೋಗಿ ನಿಂತರೆ ಆ ಹಿಂಜರಿಕೆ ಅರ್ಧ ಕಳೆಯುತ್ತದೆ. ಇದಕ್ಕೆ ಕಾನೂನಿನ ಪಾಂಡಿತ್ಯ ಬೇಡ, ಬಿಡುವಿನ ಒಂದು ದಿನ ಸಾಕು.

ಲಾವಣಿಗೆ ಅಥವಾ ಪಾಲಿಗೆ ಹೊಲ ಮಾಡುವವರ ಪಾಡು ಬೇರೆಯೇ. ಬೀಜ, ಗೊಬ್ಬರ, ಆಳು ಎಲ್ಲ ಅವರ ಖರ್ಚು. ಹೊಳೆ ಕೊಚ್ಚಿಕೊಂಡು ಹೋಗಿದ್ದು ಅವರ ಬೆಳೆ. ಪರಿಹಾರ ಹೋಗುವುದು ಪಹಣಿಯಲ್ಲಿ ಹೆಸರಿದ್ದ ಮಾಲೀಕನಿಗೆ. ಭೂಸುಧಾರಣೆ ಕಾಯ್ದೆಯ ಭಯದಿಂದ ಮಾಲೀಕರು ಕಾಗದ ಮಾಡಿಕೊಡುವುದಿಲ್ಲ, ಕಾಗದವಿಲ್ಲದೆ ಗೇಣಿದಾರ ಸರ್ಕಾರದ ಕಣ್ಣಿಗೆ ಬೀಳುವುದಿಲ್ಲ. ಕೆಲವು ಊರುಗಳಲ್ಲಿ ಹಿರಿಯರು ಕೂತು ಮಾತಾಡಿ, ಬಂದ ಹಣದಲ್ಲಿ ಬೆಳೆ ಮಾಡಿದವನಿಗೆ ಪಾಲು ಕೊಡಿಸುತ್ತಾರೆ. ಒಳ್ಳೆಯದೇ. ಆದರೆ ಮಾಲೀಕನ ದೊಡ್ಡ ಮನಸ್ಸಿಗೆ ಕಾಯುವುದನ್ನು ಪರಿಹಾರ ಎನ್ನಲಾಗದು. ನನ್ನ ದೃಷ್ಟಿಯಲ್ಲಿ ಇಡೀ ವ್ಯವಸ್ಥೆಯ ಅತಿ ದೊಡ್ಡ ಅನ್ಯಾಯ ಇದೇ.

ಸಮೀಕ್ಷೆ ಯಾವ ದಿನ ನಡೆಯುತ್ತದೆ ಎಂಬುದೂ ಅಷ್ಟೇ ಮುಖ್ಯ. ಕಲಬುರಗಿ ಸೀಮೆಯ ಕಪ್ಪು ಎರೆಮಣ್ಣಿನಲ್ಲಿ ತೊಗರಿ ಮೂರು ನಾಲ್ಕು ದಿನ ನೀರಿನಲ್ಲಿ ನಿಂತರೂ ಮೊದಲಿಗೆ ಹಸಿರಾಗಿಯೇ ಕಾಣುತ್ತದೆ. ಬೇರು ಉಸಿರುಗಟ್ಟಿರುತ್ತದೆ, ಎಲೆಗೆ ಸುದ್ದಿ ಮುಟ್ಟಿರುವುದಿಲ್ಲ. ನೀರು ಬಸಿದು ನಾಲ್ಕಾರು ದಿನ ಬಿಸಿಲು ಬಿದ್ದ ಮೇಲೆ ಎಲೆ ಹಳದಿಯಾಗಿ, ತಲೆ ಜೋತುಬಿದ್ದು, ಸಾಲು ಸಾಲಾಗಿ ಒಣಗುತ್ತದೆ. ಜೇವರ್ಗಿ ಕಡೆಯ ರೈತರೊಬ್ಬರು ಒಣ ಗಿಡವನ್ನು ಕಿತ್ತು ಕೈಯಲ್ಲಿ ಹಿಡಿದು ಹೇಳಿದ ಮಾತು: "ಸರ್ವೇದೋರು ಬಂದಾಗ ಹಸ್ರ ಇತ್ತರೀ. ಈಗ ಬಂದ್ ನೋಡ್ರಿ, ಕಟ್ಟಗಿ ಆಗ್ಯದ." ಬೇರಿನ ಸಿಪ್ಪೆ ಅವರ ಹೆಬ್ಬೆರಳಿಗೆ ಸುಲಿದು ಬರುತ್ತಿತ್ತು, ಒಳಗೆ ಕಂದು ಬಣ್ಣ. ಹತ್ತಿ ಕಾಯಿಯ ಕಥೆಯೂ ಹೀಗೆಯೇ. ಹೊರಗಿನಿಂದ ಗಟ್ಟಿ, ಒಡೆದರೆ ಒಳಗೆ ಕೊಳೆ. ಪರಿಹಾರಕ್ಕೆ ಬೆಳೆ ನಷ್ಟ ಶೇ 33 ದಾಟಿರಬೇಕು ಎಂಬ ನಿಯಮವಿದೆ. ಹಸಿರು ಗಿಡ ನೋಡಿ ಶೇ 20 ಎಂದು ಬರೆದರೆ ಆ ಹೊಲ ಪಟ್ಟಿಯಿಂದಲೇ ಹೊರಗೆ. ಆದ್ದರಿಂದ ನೀರು ನಿಂತ ದಿನದ ಫೋಟೊ, ಇಳಿದ ದಿನದ ಫೋಟೊ, ವಾರದ ನಂತರದ ಫೋಟೊ ಮೂರೂ ಬೇಕು. ಫೋನಿನಲ್ಲಿ ಸ್ಥಳ, ದಿನಾಂಕ ಬೀಳುವಂತೆ ಇಟ್ಟು, ಬದುವಿನ ಮರವೋ ಬಾವಿಯೋ ಪಕ್ಕದಲ್ಲಿ ಕಾಣುವಂತೆ ತೆಗೆಯಬೇಕು. ಬರೀ ನೀರಿನ ಚಿತ್ರ ಯಾರ ಹೊಲದ್ದೂ ಆಗಬಹುದು. ಪಂಚಾಯಿತಿಯಲ್ಲಿ ನಷ್ಟದ ಪಟ್ಟಿ ಅಂಟಿಸಿದಾಗ ಇದನ್ನೇ ಹಿಡಿದು ಮರುಸಮೀಕ್ಷೆ ಕೇಳಿ ತಹಶೀಲ್ದಾರರಿಗೆ ಲಿಖಿತ ಆಕ್ಷೇಪಣೆ ಕೊಡಬೇಕು, ಸ್ವೀಕೃತಿ ಪಡೆಯಬೇಕು. ರೈತ ನಿಜವಾಗಿ ಕೊಡಬೇಕಾದ ಅರ್ಜಿ ಇದೇ.

ಎಷ್ಟು ಬರುತ್ತದೆ ಎಂಬುದನ್ನೂ ಮೊದಲೇ ತಿಳಿದಿರುವುದು ಲೇಸು, ಇಲ್ಲವಾದರೆ ದಲ್ಲಾಳಿಗಳ ಬಾಯಿಗೆ ಬೀಳಬೇಕಾಗುತ್ತದೆ. ರಾಜ್ಯ ವಿಪತ್ತು ಪರಿಹಾರ ನಿಧಿಗೆ ಕೇಂದ್ರ 2022ರಿಂದ 2026ರವರೆಗಿನ ಅವಧಿಗೆ ಗೊತ್ತುಮಾಡಿದ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಒಬ್ಬ ರೈತನಿಗೆ ಎರಡು ಹೆಕ್ಟೇರ್ ಮಿತಿ, ಅಂದರೆ ಐದು ಎಕರೆಗೆ ಎರಡು ಗುಂಟೆ ಕಡಿಮೆ. 2025ರ ನೆರೆಯ ಮೇಲೆ ರಾಜ್ಯ ಸರ್ಕಾರ ತನ್ನ ಕಡೆಯಿಂದ ಹೆಕ್ಟೇರಿಗೆ 8,500 ರೂಪಾಯಿ ಹೆಚ್ಚುವರಿ ಘೋಷಿಸಿದ್ದರಿಂದ ಇವು ಕ್ರಮವಾಗಿ 17,000, 25,500, 31,000 ಆದವು. ಮೂರು ಎಕರೆ ಒಣಬೇಸಾಯದ ತೊಗರಿ ಪೂರ್ತಿ ಹೋದವನಿಗೆ ಲೆಕ್ಕ ಹಾಕಿದರೆ ಸುಮಾರು 20,600 ರೂಪಾಯಿ. ಇದು ಬೆಳೆಯ ಬೆಲೆ ಅಲ್ಲ, ಮತ್ತೆ ಬಿತ್ತಲು ಕೈಗೆ ಹಾಕುವ ಹಣ ಎಂದೇ ನಿಯಮ ಹೇಳುತ್ತದೆ. ಇಷ್ಟು ಲೆಕ್ಕವನ್ನು ರೈತನ ಎದುರಿಗೇ ಕಾಗದದ ಮೇಲೆ ಹಾಕಿ ತೋರಿಸಿದರೆ, 'ಲಕ್ಷ ಮಾಡಿಸಿಕೊಡ್ತೀನಿ, ಐದು ಸಾವಿರ ಕೊಡು' ಎನ್ನುವವನ ಆಟ ನಡೆಯುವುದಿಲ್ಲ.

ಅದೇ 2022-26ರ ದರಪಟ್ಟಿಯಲ್ಲಿ, ಹೊಲದ ಮೇಲೆ ಹೂಳು, ಮರಳು ಮೂರು ಇಂಚಿಗಿಂತ ಹೆಚ್ಚು ಕೂತಿದ್ದರೆ ಅದನ್ನು ತೆಗೆಸಲು ಹೆಕ್ಟೇರಿಗೆ 18,000 ರೂಪಾಯಿ, ಹೊಳೆ ದಾರಿ ಬದಲಿಸಿ ಜಮೀನೇ ಕೊಚ್ಚಿಹೋಗಿದ್ದರೆ 47,000 ರೂಪಾಯಿ ಸಣ್ಣ, ಅತಿ ಸಣ್ಣ ರೈತರಿಗೆ ಇದೆ. ಇದು ಬೆಳೆ ನಷ್ಟದ ಪಟ್ಟಿಗಿಂತ ಬೇರೆ ಬಾಬ್ತು. ಎಷ್ಟೋ ಮಂದಿಗೆ ಈ ಬಾಬ್ತು ಇದೆಯೆಂದೇ ಗೊತ್ತಿಲ್ಲದ್ದರಿಂದ ಸಮೀಕ್ಷೆಯವರಿಗೆ ಬೆಳೆಯನ್ನಷ್ಟೇ ತೋರಿಸಿ ಸುಮ್ಮನಾಗುತ್ತಾರೆ. ಹೂಳಿನಲ್ಲಿ ಒಂದು ಕೋಲು ನೆಟ್ಟು, ಪಕ್ಕದಲ್ಲಿ ಅಳತೆ ಪಟ್ಟಿ ಹಿಡಿದು ಫೋಟೊ ತೆಗೆಯಿರಿ ಎಂದು ಹೇಳಿಕೊಡಬೇಕು.

ದನಕರು ಹೋದ ಮನೆಗಳಲ್ಲಿ ಅವಸರ ಇನ್ನೂ ಹೆಚ್ಚು. ಹಾಲು ಕೊಡುವ ಎಮ್ಮೆ, ಆಕಳಿಗೆ 37,500, ಎತ್ತಿಗೆ 32,000, ಕರುವಿಗೆ 20,000, ಕುರಿ ಮೇಕೆಗೆ 4,000 ರೂಪಾಯಿ ಎಂದು ಅದೇ ಪಟ್ಟಿಯಲ್ಲಿದೆ. ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ವಾಸನೆ ತಾಳಲಾರದೆ, ರೋಗದ ಹೆದರಿಕೆಯಿಂದ ಜನ ಕಳೇಬರವನ್ನು ಬೇಗ ಹೂಳುತ್ತಾರೆ. ಅದರಲ್ಲಿ ತಪ್ಪು ಹುಡುಕುವಂತಿಲ್ಲ. ಆದರೆ ಹೂಳುವ ಮೊದಲು ಕಿವಿಯ ಹಳದಿ ಬಿಲ್ಲೆಯ 12 ಅಂಕಿಗಳು ಓದುವಂತೆ ಒಂದು ಚಿತ್ರ ತೆಗೆದು, ಪಶು ಆಸ್ಪತ್ರೆಗೆ ತಿಳಿಸಬೇಕು. ನೀರಿನಲ್ಲಿ ಕೊಚ್ಚಿಹೋಗಿ ಕಳೇಬರವೇ ಸಿಗದಿದ್ದರೆ ಊರ ಪಂಚರ ಸಹಿಯ ಪಂಚನಾಮೆಯೇ ಆಧಾರ. ಆಗ ಆ ಬಿಲ್ಲೆಯ ನಂಬರು, ಡೇರಿಗೆ ಹಾಲು ಹಾಕಿದ ಪುಸ್ತಕ, ಎಮ್ಮೆ ಕೊಳ್ಳಲು ಮಾಡಿದ ಸಾಲದ ಕಾಗದ ಇವೆಲ್ಲ ಸಾಕ್ಷಿ ನುಡಿಯುತ್ತವೆ.

ಪರಿಹಾರ ಬೇರೆ, ಬೆಳೆ ವಿಮೆ ಬೇರೆ. ಈ ಎರಡನ್ನು ಒಂದೇ ಎಂದುಕೊಂಡು ಕೆಟ್ಟವರು ಬಹಳ. ಮುಂಗಾರಿನಲ್ಲಿ ಶೇ 2 ಕಂತು ಕಟ್ಟಿ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಗೆ ಸೇರಿದ ರೈತ, ಸ್ಥಳೀಯ ವಿಕೋಪದಿಂದ ಬೆಳೆ ಮುಳುಗಿದರೆ 72 ಗಂಟೆಯೊಳಗೆ ತಿಳಿಸಬೇಕು. 14447ಕ್ಕೆ ಕರೆ ಮಾಡಬಹುದು, ಮೊಬೈಲ್ ಆ್ಯಪ್‌ನಲ್ಲಿ ಹಾಕಬಹುದು, ಬ್ಯಾಂಕಿಗೋ ಕೃಷಿ ಇಲಾಖೆಗೋ ಬರೆದು ಕೊಡಬಹುದು. ಮೂರು ದಿನ ಎನ್ನುವುದು ನೆರೆ ಬಂದ ಊರಿನಲ್ಲಿ ಬಹಳ ಸಣ್ಣ ಅವಧಿ. ಮನೆಮಂದಿ ಕಾಳಜಿ ಕೇಂದ್ರದಲ್ಲಿ, ಫೋನ್ ಚಾರ್ಜ್ ಇಲ್ಲ, ಹೊಲಕ್ಕೆ ದಾರಿ ಇಲ್ಲ. ಅದಕ್ಕೇ ಕಾಳಜಿ ಕೇಂದ್ರಕ್ಕೆ ಬಿಸ್ಕತ್ತು, ಚಾದರ ಹೊತ್ತು ಹೋಗುವ ಯುವಕ ಸಂಘಗಳಿಗೆ ನನ್ನದೊಂದು ಕೋರಿಕೆ. ಎರಡು ಚಾರ್ಜರ್, ಒಂದು ನೋಟ್‌ಬುಕ್ ಜೊತೆಗಿರಲಿ. ವಿಮೆ ಕಟ್ಟಿದವರು ಯಾರು ಎಂದು ಕೇಳಿ ಅಲ್ಲಿಂದಲೇ ಕರೆ ಮಾಡಿಸಿ, ದೂರಿನ ಸಂಖ್ಯೆಯನ್ನು ಬರೆದು ಕೊಡಿ. ವಿಮೆ ಬಂದವರಿಗೆ ಸರ್ಕಾರದ ಪರಿಹಾರ ಇಲ್ಲ ಎಂಬ ಮಾತು ಊರಲ್ಲಿ ಓಡಾಡುತ್ತದೆ. ಅದು ಸರಿಯಲ್ಲ, ಎರಡೂ ಬೇರೆ ಬೇರೆ ಹಣ.

ಇನ್ನು ಅಂಗಡಿ.

ಹೊಳೆಸಾಲಿನ ಯಾವ ಊರಿಗೆ ಹೋದರೂ ಬಸ್ ನಿಲ್ದಾಣದ ಸುತ್ತ ಒಂದು ಕಿರಾಣಿ ಅಂಗಡಿ, ಒಂದು ಹಿಟ್ಟಿನ ಗಿರಣಿ, ಟೇಲರ್, ಸೈಕಲ್ ಪಂಕ್ಚರ್, ಹೇರ್ ಕಟಿಂಗ್, ಚಹಾ ಭಜಿಯ ಹೋಟೆಲು, ಮೊಬೈಲ್ ರಿಪೇರಿ ಇರುತ್ತವೆ. ನೀರು ಹೊಕ್ಕಾಗ ಈ ಅಂಗಡಿಗಳೊಳಗೆ ಆಗುವುದೇನೆಂದು ಹತ್ತಿರದಿಂದ ನೋಡಬೇಕು. ಸಕ್ಕರೆ ಚೀಲ ಖಾಲಿಯಾಗಿ ಮಡಚಿ ಬಿದ್ದಿರುತ್ತದೆ, ಸಕ್ಕರೆ ನೀರಿನ ಜೊತೆ ಹೊರಟು ಹೋಗಿರುತ್ತದೆ. ಬೆಲ್ಲದ ಪೆಂಟೆ ಕರಗಿ ನೆಲಕ್ಕೆ ಕಪ್ಪಗೆ ಅಂಟಿರುತ್ತದೆ. ಅಕ್ಕಿ, ಬೇಳೆ ಉಬ್ಬಿ ಚೀಲದ ಹೊಲಿಗೆ ಬಿಚ್ಚಿರುತ್ತದೆ, ಎರಡು ದಿನಕ್ಕೆ ಹುಳಿ ವಾಸನೆ. ಸಾಬೂನು ಒಂದಕ್ಕೊಂದು ಕೂಡಿ ಗೋಡೆಯಂತಾಗಿರುತ್ತದೆ. ಇಷ್ಟಾದರೂ ಅಂಗಡಿಯವರು ಮೊದಲು ಹುಡುಕುವುದು ಉದ್ರಿ ಪುಸ್ತಕವನ್ನು. ಯಾರು ಎಷ್ಟು ಕೊಡಬೇಕು ಎಂಬ ಬಾಕಿಯ ಲೆಕ್ಕ ಅದರಲ್ಲಿದೆ. ತೊಗರಿ ಮಾರಿದ ಮೇಲೆ ಕೊಡುತ್ತೇವೆಂದು ಹೇಳಿ ರೈತರು ಒಯ್ದ ಸರಕಿನ ಲೆಕ್ಕ ಅದು. ತೊಗರಿಯೂ ಹೋಯಿತು, ಪುಸ್ತಕದ ಮಸಿಯೂ ಹರಡಿತು. ಹೊಲದ ನಷ್ಟ ಹೀಗೆ ಅಂಗಡಿಗೆ ಎರಡನೇ ಸಲ ಬಂದು ತಟ್ಟುತ್ತದೆ, ಆ ಎರಡನೇ ಪೆಟ್ಟನ್ನು ಯಾವ ಸಮೀಕ್ಷೆಯೂ ಎಣಿಸುವುದಿಲ್ಲ. ಪುಸ್ತಕ ಸಿಕ್ಕರೆ ಬಿಸಿಲಿಗೆ ಇಡಬೇಡಿ, ಹಾಳೆಗಳು ಅಂಟಿಕೊಂಡು ಒಣಗುತ್ತವೆ. ನೆರಳಲ್ಲಿ ಹಾಳೆಗಳ ನಡುವೆ ಹಳೇ ಪತ್ರಿಕೆ ಸೇರಿಸಿ, ಬಿಡಿಸಿದ ಪುಟವನ್ನು ಆಗಲೇ ಫೋನಿನಲ್ಲಿ ಹಿಡಿದುಕೊಳ್ಳಿ.

ವಿಪತ್ತು ಪರಿಹಾರ ನಿಧಿಯ ದರಪಟ್ಟಿಯಲ್ಲಿ ಬೆಳೆ ಇದೆ, ದನ ಇದೆ, ಮನೆ ಇದೆ, ಮೀನುಗಾರರ ದೋಣಿ, ಬಲೆ ಇದೆ. ಕೈಮಗ್ಗ, ಕರಕುಶಲದವರಿಗೆ ಹಾಳಾದ ಉಪಕರಣಕ್ಕೆ 5,000, ಕಚ್ಚಾಮಾಲು ಇಲ್ಲವೆ ಅರೆಬರೆ ತಯಾರಾದ ಮಾಲಿಗೆ 5,000 ರೂಪಾಯಿ ಇದೆ. ಕಿರಾಣಿ ಅಂಗಡಿಯ ದಾಸ್ತಾನಿಗೆ, ಗಿರಣಿಯ ಮೋಟರಿಗೆ, ಟೇಲರನ ಹೊಲಿಗೆ ಯಂತ್ರಕ್ಕೆ ಒಂದು ಸಾಲೂ ಇಲ್ಲ. ಹಾಗಾಗಿ ಇವರು ಅರ್ಜಿ ಕೊಟ್ಟರೆ ಕಚೇರಿಯಲ್ಲಿ ತೆಗೆದುಕೊಂಡರೂ ಅದನ್ನು ಯಾವ ಕಡತಕ್ಕೆ ಸೇರಿಸುವುದೆಂದು ಗುಮಾಸ್ತರಿಗೇ ತಿಳಿಯುವುದಿಲ್ಲ. ಅಂಗಡಿ ಮನೆಯ ಮುಂಗೋಣೆಯಲ್ಲಿದ್ದರೆ ಮನೆ ಹಾನಿಯ ಪಟ್ಟಿಯಲ್ಲಿ ಬರುತ್ತದೆ, ಬಾಡಿಗೆ ಕಟ್ಟಡದಲ್ಲಿದ್ದರೆ ಅದೂ ಇಲ್ಲ. ರಾಜ್ಯ ಸರ್ಕಾರ ಮನಸ್ಸು ಮಾಡಿ ವಿಶೇಷ ಆದೇಶ ಹೊರಡಿಸಿದರೆ ಮಾತ್ರ ನೇರ ನೆರವು. ಕೇರಳದಲ್ಲಿ 2018ರ ಪ್ರಳಯದ ನಂತರ ಕುಟುಂಬಶ್ರೀ ಸಂಘಗಳ ಮೂಲಕ ಮನೆಗಳಿಗೆ ಒಂದು ಲಕ್ಷದವರೆಗೆ ಸಾಲ ಕೊಡಿಸಿ ಬಡ್ಡಿಯನ್ನು ಸರ್ಕಾರವೇ ಹೊತ್ತದ್ದುಂಟು. ಇಲ್ಲಿ ಅಂಥ ಆದೇಶ ಬಂದಾಗ ಮೊದಲು ಹಣ ಸಿಗುವುದು ಯಾರಿಗೆಂದರೆ, ತನ್ನ ಅಂಗಡಿ ಇತ್ತು ಎಂದು ಅದೇ ದಿನ ತೋರಿಸಬಲ್ಲವನಿಗೆ.

ಆ 'ಇತ್ತು' ಎಂಬುದನ್ನು ತೋರಿಸುವುದು ಹೇಗೆ? ಸರಕು ಮಾರುವ ವ್ಯಾಪಾರಿಯ ವಾರ್ಷಿಕ ವಹಿವಾಟು 40 ಲಕ್ಷ ದಾಟದಿದ್ದರೆ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹಳ್ಳಿಯ ಅಂಗಡಿಗಳು ಬಹುತೇಕ ಈ ಗೆರೆಯೊಳಗೇ ಇವೆ. ಅದರಿಂದ ತೆರಿಗೆಯ ಕಾಗದವೂ ಅವರ ಬಳಿ ಇಲ್ಲ. ಇದ್ದದ್ದನ್ನೇ ಕೂಡಿಸಬೇಕು. ಜೆಸ್ಕಾಂ ಅಥವಾ ಹೆಸ್ಕಾಂ ವಿದ್ಯುತ್ ಬಿಲ್ಲಿನ ಮೇಲಿನ ಆರ್‌ಆರ್ ನಂಬರ್ ಗಿರಣಿ ಅಲ್ಲಿತ್ತು ಎಂಬುದಕ್ಕೆ ಗಟ್ಟಿ ಪುರಾವೆ, ಬಿಲ್ಲು ತೋಯ್ದು ಹೋಗಿದ್ದರೂ ನಂಬರಿನಿಂದ ಹಳೆಯ ಬಿಲ್ಲುಗಳನ್ನು ತೆಗೆಸಬಹುದು. ಪಂಚಾಯಿತಿಗೆ ಕಟ್ಟಿದ ಲೈಸೆನ್ಸ್ ಶುಲ್ಕದ ರಸೀದಿ ಇರಲಿ. ತಿನಿಸಿನಂಗಡಿಗಾದರೆ ವರ್ಷಕ್ಕೆ 100 ರೂಪಾಯಿಯ ಆಹಾರ ಸುರಕ್ಷತಾ ನೋಂದಣಿ ಇರಬಹುದು. ಸಗಟು ವ್ಯಾಪಾರಿಯ ಹತ್ತಿರ ಹೋಗಿ ಕಳೆದ ಮೂರು ತಿಂಗಳ ಬಿಲ್ಲುಗಳ ನಕಲು ಕೇಳಬೇಕು. ಅವರ ಕಂಪ್ಯೂಟರಿನಲ್ಲಿ ಅವು ಇದ್ದೇ ಇರುತ್ತವೆ, ಕೊಟ್ಟ ಸರಕಿನ ಹಣ ಬರಬೇಕೆಂಬ ಆಸೆಯಿಂದಲಾದರೂ ಸಂತೋಷವಾಗಿಯೇ ಕೊಡುತ್ತಾರೆ. ಎಲ್ಲಕ್ಕಿಂತ ಸುಲಭದ ಸಾಕ್ಷಿ ಯುಪಿಐ ಲೆಕ್ಕ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ವಹಿವಾಟು ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ರಾಜ್ಯದ ಅನೇಕ ಕಡೆ ಸ್ಕ್ಯಾನರ್ ಕಿತ್ತುಹಾಕಿ 'ನಗದು ಮಾತ್ರ' ಎಂದು ಬೋರ್ಡ್ ಹಾಕಿದರು. ಆ ಭಯ ನನಗೆ ಅರ್ಥವಾಗುತ್ತದೆ. ಆದರೆ ದಿನದ ವ್ಯಾಪಾರ ಎಷ್ಟಿತ್ತು ಎಂಬುದಕ್ಕೆ ನೀರಲ್ಲಿ ತೋಯದೆ ಉಳಿಯುವ ಲೆಕ್ಕ ಅದೊಂದೇ. ಗೆರೆಯೊಳಗಿನ ವ್ಯಾಪಾರಿ ಅದಕ್ಕೆ ಹೆದರಬೇಕಾದ್ದಿಲ್ಲ ಎಂದು ಊರಿನ ಓದಿದ ಹುಡುಗರು ಧೈರ್ಯ ಹೇಳಬೇಕು. ಸಣ್ಣ ಉದ್ಯಮಗಳಿಗೆ ಕೊಡುವ 'ಉದ್ಯಮ್' ನೋಂದಣಿಯೂ ಇರಲಿ. 2021ರಿಂದ ಚಿಲ್ಲರೆ ವ್ಯಾಪಾರಿಗಳಿಗೂ ಅದು ಸಿಗುತ್ತದೆ, ಆಧಾರ್, ಪ್ಯಾನ್ ಇದ್ದರೆ ಬಿಟ್ಟಿಯಾಗಿ ಆಗುತ್ತದೆ. ಅದಕ್ಕೂ ಸಾವಿರ ರೂಪಾಯಿ ಕೀಳುವವರಿದ್ದಾರೆ, ಕೊಡಬೇಡಿ.

ಸಾಲ ಮಾಡಿ ಅಂಗಡಿ ಹಾಕಿದವರು ಬ್ಯಾಂಕಿಗೆ ಹೋಗಿ ಕೇಳಬೇಕಾದ ಒಂದು ಮಾತಿದೆ. ಸರಕಿನ ಮೇಲೆ ಸಾಲ ಕೊಡುವಾಗ ಬ್ಯಾಂಕುಗಳು ಸಾಮಾನ್ಯವಾಗಿ ಆ ಸರಕಿಗೆ ವಿಮೆ ಮಾಡಿಸಿ ಕಂತನ್ನು ಸಾಲದ ಖಾತೆಯಿಂದಲೇ ಮುರಿದುಕೊಳ್ಳುತ್ತವೆ. ಅಂಗಡಿಯವನಿಗೆ ಪಾಲಿಸಿಯ ಕಾಗದ ಕೈಗೆ ಬಂದಿರುವುದಿಲ್ಲ, ವಿಮೆ ಇದೆ ಎಂಬುದೂ ಗೊತ್ತಿರುವುದಿಲ್ಲ. ವರ್ಷದ ಖಾತೆಪಟ್ಟಿ ತೆಗೆಸಿ 'ಇನ್ಶೂರೆನ್ಸ್' ಎಂಬ ಸಾಲು ಇದೆಯೇ ಎಂದು ಬೆರಳಿಟ್ಟು ಹುಡುಕಿ. ಸಿಕ್ಕರೆ ಪಾಲಿಸಿ ನಂಬರ್ ಕೇಳಿ, ಅದೇ ದಿನ ಕಂಪನಿಗೆ ನಷ್ಟ ತಿಳಿಸಿ. 2021ರ ಏಪ್ರಿಲ್‌ನಿಂದ ಸಣ್ಣ ಉದ್ಯಮಗಳಿಗಾಗಿ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಎಂಬ ಒಂದೇ ಬಗೆಯ ಪಾಲಿಸಿ ಎಲ್ಲ ಸಾಮಾನ್ಯ ವಿಮಾ ಕಂಪನಿಗಳಲ್ಲೂ ಇದೆ, ಪ್ರವಾಹದ ಹಾನಿ ಅದರೊಳಗೆ ಸೇರಿದೆ. ಪಾಲಿಸಿಯಲ್ಲಿ ಬರೆದ ಅಂಗಡಿಯ ವಿಳಾಸ ಸರಿಯಿದೆಯೇ ಎಂಬುದನ್ನು ಮಾತ್ರ ನೋಡಿಕೊಳ್ಳಿ. ಅಂಗಡಿ ಜಾಗ ಬದಲಾಯಿಸಿ ವಿಳಾಸ ಬದಲಾಯಿಸದೆ ಇದ್ದರೆ ಜಗಳ ಅಲ್ಲಿಂದಲೇ ಶುರು. ಸರ್ವೇಯರ್ ಬಂದು ನೋಡುವವರೆಗೆ ಎಲ್ಲ ಕೊಳೆತ ಸರಕನ್ನೂ ಇಟ್ಟುಕೊಳ್ಳಲಾಗದು, ರೋಗ ಹರಡುತ್ತದೆ. ಹೊರಹಾಕುವ ಮೊದಲು ಚೀಲ ಚೀಲವಾಗಿ ಎಣಿಸಿ ಪಟ್ಟಿ ಮಾಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಮತ್ತು ಇಬ್ಬರು ನೆರೆಯವರ ಸಹಿ ಹಾಕಿಸಿ, ವಿಡಿಯೊ ಮಾಡಿಕೊಳ್ಳಿ. ತೋಯ್ದ ಧಾನ್ಯವನ್ನು ಒಣಗಿಸಿ ಅಗ್ಗಕ್ಕೆ ಮಾರುವ ಆಸೆ ಬೇಡ. ಜಿಎಸ್‌ಟಿ ನೋಂದಣಿ ಇರುವವರು ಹಾಳಾದ ಸರಕಿನ ಮೇಲೆ ಪಡೆದಿದ್ದ ತೆರಿಗೆ ಜಮೆಯನ್ನು ಹಿಂತಿರುಗಿಸಬೇಕಾಗುತ್ತದೆ, ಅದಕ್ಕೂ ಇದೇ ಪಟ್ಟಿ ಬೇಕು.

ಸಾಲದ ಕಂತಿನ ವಿಷಯ. ಸರ್ಕಾರ ಪ್ರದೇಶವನ್ನು ವಿಪತ್ತುಪೀಡಿತ ಎಂದು ಘೋಷಿಸಿದ ಮೇಲೆ, ಸಾಲದ ಅವಧಿ ಮುಂದೂಡಿ ಕೊಡುವುದಕ್ಕೆ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿ ದಾರಿ ಇದೆ. ಬೆಳೆ ಸಾಲಕ್ಕಷ್ಟೇ ಅಲ್ಲ, ಸಣ್ಣ ವ್ಯಾಪಾರದ ಸಾಲಕ್ಕೂ. ಕೇಳಿದವರಿಗೆ ಸಿಗುತ್ತದೆ, ಸುಮ್ಮನಿದ್ದವರ ಖಾತೆ ಸುಸ್ತಿಯಾಗುತ್ತದೆ. ಸುಸ್ತಿಯಾದ ಮೇಲೆ ಹೊಸ ಸಾಲದ ಬಾಗಿಲು ಮುಚ್ಚುತ್ತದೆ, ಅಂಗಡಿಗೆ ಮರಳಿ ಸರಕು ತುಂಬಲು ದಾರಿ ಇರುವುದಿಲ್ಲ. ಹಾಗಾಗಿ ಕಂತಿನ ದಿನ ಬರುವ ಮೊದಲೇ ವ್ಯವಸ್ಥಾಪಕರಿಗೆ ಒಂದು ಪುಟದ ಪತ್ರ ಬರೆದು ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಬೇಕು. ರೈತರ ವಿಷಯದಲ್ಲಿ ಇನ್ನೊಂದು ಎಚ್ಚರ. 2024ರಲ್ಲಿ ಬರ ಪರಿಹಾರದ ಹಣವನ್ನು ಬ್ಯಾಂಕುಗಳು ಹಳೇ ಸಾಲಕ್ಕೆ ಮುರಿದುಕೊಂಡವೆಂಬ ದೂರು ಎದ್ದು, ಹಾಗೆ ಮಾಡಕೂಡದೆಂದು ಸರ್ಕಾರ ಸೂಚನೆ ಕೊಡಬೇಕಾಯಿತು. ನೆರೆ ಪರಿಹಾರದ ಹಣಕ್ಕೆ ಕೈ ಹಾಕಿದರೆ ಜಿಲ್ಲಾಧಿಕಾರಿಗೆ ಮತ್ತು ಜಿಲ್ಲೆಯ ಲೀಡ್ ಬ್ಯಾಂಕಿಗೆ ಬರೆದು ತಿಳಿಸಿ.

ಇಷ್ಟೆಲ್ಲ ಮಾಡಿದರೂ ಅಂಗಡಿಯವನ ಕೈಗೆ ಬರುವುದು ಬಹುಪಾಲು ಸಾಲದ ಮುಂದೂಡಿಕೆ, ಅದೃಷ್ಟವಿದ್ದರೆ ವಿಮೆ. ಅವನಿಗೆ ನೇರ ಪರಿಹಾರ ಯಾಕಿಲ್ಲ ಎಂಬುದಕ್ಕೆ ನನಗೆ ಸಮಾಧಾನದ ಉತ್ತರ ಎಲ್ಲೂ ಸಿಕ್ಕಿಲ್ಲ. ನೆರೆಯ ಮರುದಿನ ಊರಿಗೆ ಚಹಾ ಪುಡಿ, ಮೇಣದಬತ್ತಿ ಉದ್ರಿಗೆ ಕೊಟ್ಟವನು ಅವನೇ. ಅವನ ಗಿರಣಿ ನಿಂತರೆ ಹೆಂಗಸರು ಜೋಳದ ಹಿಟ್ಟಿಗೆ ಮೂರು ಮೈಲಿ ನಡೆಯಬೇಕು. ವಿಪತ್ತು ನಿಧಿಯ ಈ ದರಪಟ್ಟಿ 2025-26ನೇ ಸಾಲಿನ ತನಕದ್ದು. ಮುಂದಿನ ಪಟ್ಟಿಯಲ್ಲಿ ಸಣ್ಣ ಅಂಗಡಿ ಎಂಬ ಒಂದು ಸಾಲು ಸೇರಬೇಕೆಂದು ರಾಜ್ಯ ಸರ್ಕಾರ ಕೇಂದ್ರವನ್ನು ಕೇಳಬೇಕು. ಅದು ಆಗುವ ತನಕ ಗ್ರಾಮ ಪಂಚಾಯಿತಿಗಳು ಮಾಡಬಹುದಾದ ಕೆಲಸವೊಂದಿದೆ. ಪ್ರತಿ ಹಂಗಾಮಿಗೆ ಬೆಳೆ ಸಮೀಕ್ಷೆ ಮಾಡುವ ಹಾಗೆಯೇ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಊರಿನ ಅಂಗಡಿ, ಗಿರಣಿ, ಹೊಲಿಗೆ ಯಂತ್ರ, ತಳ್ಳುಗಾಡಿಗಳನ್ನೆಲ್ಲ ಒಂದು ವಹಿಯಲ್ಲಿ ಬರೆದು, ಗ್ರಾಮಸಭೆಯಲ್ಲಿ ಓದಿ, ಎಲ್ಲದರ ಫೋಟೊ ಸಮೇತ ಇಟ್ಟುಕೊಳ್ಳಬಹುದು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜೊತೆಗೆ ಜಿಲ್ಲಾಡಳಿತ ನೆರೆ ಬರುವ ಮೊದಲೇ ಹೊರಡಿಸುವ ಆದೇಶದಲ್ಲಿ, ತೋಯ್ದ ಸರಕನ್ನು ನೋಡಿ ಪಟ್ಟಿಗೆ ಸಹಿ ಹಾಕುವ ಅಧಿಕಾರಿ ಯಾರು, ಎಷ್ಟು ದಿನದೊಳಗೆ ಬರಬೇಕು ಎಂಬ ಎರಡು ಸಾಲು ಇರಬೇಕು. ತಲಾಟಿ ಕೃಷಿಯವರ ಮೇಲೆ ಹಾಕುವುದು, ಅವರು ಪಿಡಿಒ ಮೇಲೆ ಹಾಕುವುದು, ಅಷ್ಟರಲ್ಲಿ ಅಂಗಡಿಯವನು ವಾಸನೆ ತಾಳದೆ ಎಲ್ಲವನ್ನೂ ಹಳ್ಳಕ್ಕೆ ಸುರಿದುಬಿಡುವುದು, ಇದು ಪ್ರತಿ ನೆರೆಯಲ್ಲೂ ನಡೆಯುತ್ತಿದೆ.